ಚುಂಚನಕಟ್ಟೆ

ತಲಕಾವೇರಿಯಲ್ಲಿ ಹುಟ್ಟಿ, ಕೊಡಗಿನ ಬೆಟ್ಟಗಳನ್ನು ಬಳಸಿ ಬರುವ ಕಾವೇರಿಯು ಮೈಸೂರು ಸೀಮೆಯ ಬಯಲಿಗೆ ಇಳಿದ ಮೇಲೆ ಗಂಭೀರೆಯಾಗುತ್ತಾಳೆ. ಆದರೆ ಕೃಷ್ಣರಾಜನಗರದ ಸಮೀಪದ ಚುಂಚನಕಟ್ಟೆಯಲ್ಲಿ ಆ ಗಾಂಭೀರ್ಯವನ್ನು ಮರೆತು, ಕವಲೊಡೆದು, ಸುಮಾರು 20 ಮೀಟರ್ ಎತ್ತರದಿಂದ ಹೆಬ್ಬಂಡೆಗಳ ಮೇಲೆ ಧುಮುಕುತ್ತಾಳೆ. ಮುಂಗಾರಿನಲ್ಲಿ ಕೆನ್ನೀರು ಭೋರ್ಗರೆಯುತ್ತದೆ. ಮಳೆ ಹಿಂದೆಗೆದ ಮೇಲೆ ಅದೇ ನೀರು ಹಾಲಿನ ನೊರೆಯಾಗುತ್ತದೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣ ಎಳೆಗಳಾಗಿ ಜಾರುತ್ತದೆ.

ಈ ರಮಣೀಯ ಸ್ಥಳಕ್ಕೆ ಚುಂಚನಕಟ್ಟೆ ಎಂಬ ಹೆಸರು ಬಂದುದು ಹೇಗೆ? 'ಕಟ್ಟೆ' ಎಂದರೆ ನೀರಿಗೆ ಅಡ್ಡಲಾಗಿ ಹಾಕಿದ ಒಡ್ಡು. ಇಲ್ಲಿ ಕಾವೇರಿಗೆ ಹಳೆಯ ಒಡ್ಡೊಂದಿದ್ದು, ಅದರಿಂದ ಹೊರಟ ರಾಮಸಮುದ್ರ ನಾಲೆಯು ಹೊಲಗದ್ದೆಗಳಿಗೆ ನೀರುಣಿಸುತ್ತದೆ. ಇನ್ನು 'ಚುಂಚ' ಯಾರೆಂಬುದಕ್ಕೆ ಜನರ ಬಾಯಲ್ಲಿ ಒಂದು ಕಥೆಯಿದೆ.

ವನವಾಸದ ಕಾಲದಲ್ಲಿ ರಾಮ, ಸೀತೆ, ಲಕ್ಷ್ಮಣರು ಈ ಕಾಡಿಗೆ ಬಂದರಂತೆ. ಇಲ್ಲಿ ಚುಂಚ, ಚುಂಚಿ ಎಂಬ ಕಾಡಿನ ದಂಪತಿಗಳು ವಾಸವಾಗಿದ್ದರು. ರಾಜ್ಯವನ್ನು ತೊರೆದು ನಾರುಡೆಯುಟ್ಟು ಬಂದ ಆ ಮೂವರನ್ನು ಅವರು ಅತಿಥಿಗಳೆಂದು ಆದರಿಸಿದರು. ಸೀತೆಗೆ ಮೀಯಬೇಕೆನಿಸಿತು. ಅಣ್ಣನ ಅಪ್ಪಣೆಯಂತೆ ಲಕ್ಷ್ಮಣನು ಬಂಡೆಗೆ ಬಾಣ ಬಿಡಲು ನೀರು ಮೂರು ಬಣ್ಣಗಳಲ್ಲಿ ಚಿಮ್ಮಿತು: ಒಂದು ಎಣ್ಣೆಯ ಬಣ್ಣ, ಒಂದು ಸೀಗೆಯ ಬಣ್ಣ, ಮತ್ತೊಂದು ಅರಿಸಿನದ ಬಣ್ಣ. ಹಬ್ಬದ ದಿನ ಮನೆಯ ಮಗಳಿಗೆ ಎಣ್ಣೆಯೊತ್ತಿ, ಸೀಗೆ ಹಚ್ಚಿ, ಅರಿಸಿನ ಪೂಸಿ ನೀರೆರೆಯುವ ನಮ್ಮ ಜನ, ಕಾಡು ಪಾಲಾದ ಸೀತೆಗೂ ಅಂಥದೇ ಅಭ್ಯಂಜನವನ್ನು ಕಲ್ಪಿಸಿಕೊಟ್ಟರು!

ಜಲಪಾತದ ಬಳಿಯಲ್ಲೇ ಕೋದಂಡರಾಮನ ದೇವಾಲಯವಿದೆ. ಅಲ್ಲಿ ಸೀತೆಯು ರಾಮನ ಬಲಗಡೆಯಲ್ಲಿ ನಿಂತಿರುವುದು ವಿಶೇಷ. ಹೊರಗೆ ಕಿವಿಗಡಚಿಕ್ಕುವ ನೀರಿನ ಸದ್ದು ಗರ್ಭಗುಡಿಯೊಳಗೆ ಕೇಳಿಸದೆಂಬ ಪ್ರತೀತಿಯೂ ಉಂಟು. ಸಂಕ್ರಾಂತಿಯ ಸುಮಾರಿಗೆ ಇಲ್ಲಿ ನೆರೆಯುವ ದನಗಳ ಜಾತ್ರೆಗೆ ರೈತರು ಎತ್ತುಗಳನ್ನು ಸಿಂಗರಿಸಿಕೊಂಡು ಬರುತ್ತಾರೆ.

ಈ ಕಥೆಯಲ್ಲಿ ಯೋಚಿಸಬೇಕಾದ ಸಂಗತಿಯೊಂದಿದೆ. ಗುಡಿ ರಾಮನದು, ಬಾಣ ಲಕ್ಷ್ಮಣನದು, ನೀರು ಸೀತೆಗಾಗಿ ಬಂದದ್ದು. ಆದರೆ ಊರಿಗೆ ನಿಂತ ಹೆಸರು ಚುಂಚನದು. ವಾಲ್ಮೀಕಿಯ ಕಾವ್ಯದಲ್ಲಿ ಕಾಣದ ಈ ಬಡ ಗೃಹಸ್ಥನನ್ನು ಜನತೆ ತನ್ನ ರಾಮಾಯಣದೊಳಕ್ಕೆ ಕರೆತಂದಿತು. ಪವಾಡ ತೋರಿದವನಿಗಿಂತ ಆದರಿಸಿದವನನ್ನು ಅದು ಹೆಚ್ಚಾಗಿ ನೆನೆಯಿತು. ಬಂಡೆ ಸೀಳಿ ನೀರು ತರುವುದು ಬಿಲ್ಲಾಳಿಗಷ್ಟೇ ಸಾಧ್ಯ. ದಣಿದು ಬಂದವರಿಗೆ ನೆರಳು ನೀಡುವುದು ಯಾರಿಂದಲೂ ಸಾಧ್ಯ.

ಇಂದು ಜಲಪಾತವನ್ನು ನೋಡಲು ಬರುವವರೆಲ್ಲರೂ ಚುಂಚನ ಅತಿಥಿಗಳೇ. ಉಂಡ ಎಲೆಯನ್ನೂ ಒಡೆದ ಸೀಸೆಯನ್ನೂ ಬಂಡೆಯ ಮೇಲೆಸೆದು ಹೋಗುವುದು ಅತಿಥಿಗೆ ತಕ್ಕ ನಡತೆಯಲ್ಲ. ಆತಿಥೇಯನ ಹೆಸರು ಉಳಿದಿದೆ. ಅವನ ಅಂಗಳವನ್ನು ಉಳಿಸುವ ಹೊಣೆ ಬಂದವರದು.