ಎಚ್ ಬರಲೇ ಇಲ್ಲ

ನಾವು ನಾಲ್ಕು ಜನ. ಒಂದೇ ಜಿಲ್ಲೆ, ನಾಲ್ಕು ತಾಲೂಕು: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ನೆಟ್‌ವರ್ಕಿಂಗ್ ವರ್ಕ್‌ಶಾಪ್‌ನಲ್ಲಿ ಪ್ಯಾಕೆಟ್ ಟ್ರೇಸರ್ ತೆರೆದು ‘ಶೋ ವರ್ಷನ್’ ಅಂತ ಹೊಡೆದರೆ ಒಂದು ಪುಟ ಅಕ್ಷರ ಸುರಿಯುತ್ತಲ್ಲ, ಅದನ್ನು ಯಾರೂ ಓದಲ್ಲ. ಸ್ಪೇಸ್ ಒತ್ತಿ ಮುಂದೆ ಹೋಗ್ತಾರೆ. ನಾವು ಓದೋಕೆ ಶುರು ಮಾಡಿದ್ದಕ್ಕೆ ಕಾರಣ ಜ್ಞಾನದಾಹ ಅಲ್ಲ, ಲ್ಯಾಬ್‌ನ ಫ್ಯಾನ್ ಕೆಳಗೆ ಇನ್ನೂ ಅರ್ಧ ಗಂಟೆ ಕೂರಬೇಕಿತ್ತು ಅಷ್ಟೇ.

2911 ರೂಟರಿನಲ್ಲಿ ಒಂದು ಫೈಲ್ ಹೆಸರು ಕಾಣುತ್ತೆ: ಸಿ2900-ಯೂನಿವರ್ಸಲ್‌ಕೆ9-ಎಂಝಡ್.ಎಸ್‌ಪಿಎ.151-4.ಎಂ4.ಬಿನ್. ಮೊದಲ ಸಲ ನೋಡಿದಾಗ ಯಾರೋ ಕೀಬೋರ್ಡ್ ಮೇಲೆ ಕೂತುಬಿಟ್ಟಿದ್ದಾರೆ ಅನ್ಸುತ್ತೆ. ಆದರೆ ಒಂದಕ್ಷರವೂ ದಂಡಕ್ಕೆ ಬಂದಿದ್ದಲ್ಲ. ಮೊದಲನೆಯದು ಯಾವ ಸರಣಿಯ ಪೆಟ್ಟಿಗೆಗೆ ಈ ಸಾಫ್ಟ್‌ವೇರ್ ಅಂತ. ‘ಯೂನಿವರ್ಸಲ್’ ಅಂದರೆ ಎಲ್ಲ ಸೌಲಭ್ಯವೂ ಒಂದೇ ಫೈಲಿನಲ್ಲಿದೆ, ಬೀಗ ತೆಗೆಯೋದು ಲೈಸೆನ್ಸ್. ‘ಕೆ9’ ಅಂದರೆ ಗಟ್ಟಿ ಎನ್‌ಕ್ರಿಪ್ಷನ್ ಇದೆ. ‘ಎಂ’ ಅಂದರೆ ರ‍್ಯಾಮ್‌ನಲ್ಲಿ ಓಡುತ್ತೆ, ‘ಝಡ್’ ಅಂದರೆ ಜಿಪ್ ಮಾಡಿ ಕುಗ್ಗಿಸಿದ್ದಾರೆ. ‘ಎಸ್‌ಪಿಎ’ ಅನ್ನೋದು ಡಿಜಿಟಲ್ ಸಹಿಯ ಗುರುತು. ಕೊನೆಯದನ್ನು 15.1(4)ಎಂ4 ಅಂತ ಓದಬೇಕು. ಆ ‘ಎಂ’ ಹೆಚ್ಚು ಕಾಲ ರಿಪೇರಿ ಸಿಗುವ ಸಾಲು, ಅದರ ಮುಂದಿನ 4 ಎಷ್ಟನೇ ರಿಪೇರಿ ಅನ್ನೋದು. ಪಕ್ಕದ ಹಳೇ 1841ರಲ್ಲಿ ನೋಡಿದರೆ 12.4(15)ಟಿ1. ಅಲ್ಲಿನ ‘ಟಿ’ ಟೆಕ್ನಾಲಜಿ, ಅಂದರೆ ಹೊಸ ಸೌಲಭ್ಯ ಮೊದಲು ಬರುವ ಸಾಲು. 12.4 ಆದ ಮೇಲೆ ಸಿಸ್ಕೋದವರು ಸೀದಾ 15ಕ್ಕೆ ಹಾರಿದ್ದಾರೆ. ಹದಿಮೂರು ಅಪಶಕುನ ಅಂತ ಬಿಟ್ಟರು ಅನ್ನೋದು ನೆಟ್‌ವರ್ಕ್ ಮಂದಿಯ ಮಾತು. ರಾಹುಕಾಲ ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ವಿ.

ಆಮೇಲೆ ಬಂತು ನೋಡಿ ಊರುಗಳ ಸರದಿ. ಸಿಸ್ಕೋದ ಹೊಸ ಐಒಎಸ್ ಎಕ್ಸ್‌ಇಯಲ್ಲಿ ಮೂರು ಮೂರು ಬಿಡುಗಡೆಗೆ ಒಂದೊಂದು ಜಾಗದ ಹೆಸರು ಇಡ್ತಿದ್ದರು, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. 16ರಲ್ಲಿ ಡೆನಾಲಿ, ಎವರೆಸ್ಟ್, ಫ್ಯೂಜಿ, ಜಿಬ್ರಾಲ್ಟರ್. ಜಿ ಆದಮೇಲೆ ಎಚ್ ತಾನೆ? ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ಎಚ್! ಒಂದೇ ಅಕ್ಷರಕ್ಕೆ ನಮ್ಮ ಜಿಲ್ಲೆಯಿಂದಲೇ ಮೂರು ಅಭ್ಯರ್ಥಿಗಳು. ಆದರೆ ಅಷ್ಟರಲ್ಲಿ 17 ಬಂದು ಮತ್ತೆ ಎ ಇಂದ ಶುರು ಮಾಡಿದರು. ಆಮ್‌ಸ್ಟರ್‌ಡ್ಯಾಮ್. ನಂತರದ 17.4, 17.5, 17.6ಕ್ಕೆ ಬೆಂಗಳೂರು. ಹೌದು, ನಮ್ಮ ಬೆಂಗಳೂರೇ, ಅದೂ ‘ಬ್ಯಾಂಗಲೋರ್’ ಅಂತಲ್ಲ, 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ಬರೀತಿರೋ ಹಾಗೆ ‘ಬೆಂಗಳೂರು’ ಅಂತಲೇ. ಬಿ ಮುಗಿದು ಸಿ ಬಂದಾಗ ದುರ್ಗದವನು ಎದ್ದು ನಿಂತ. ಅದು ಕ್ಯುಪರ್ಟಿನೋಗೆ ಹೋಯ್ತು. ಕಲ್ಲಿನ ಕೋಟೆ, ಏಳು ಸುತ್ತು, ಫೈರ್‌ವಾಲ್‌ಗೆ ಇದಕ್ಕಿಂತ ಒಳ್ಳೆ ಹೆಸರು ಸಿಗುತ್ತಾ ಗುರೂ?

ಹೆಸರು ಚೆಂದ ಅಷ್ಟೇ, ಕೆಲಸ ಮಾಡೋದು ನಂಬರು. 17.3, 17.6, 17.9, 17.12 ಹೀಗೆ ಪ್ರತಿ ಮೂರನೆಯದಕ್ಕೆ ಹೆಚ್ಚು ವರ್ಷ ರಿಪೇರಿ ಸಿಗುತ್ತೆ, ನಡುವಿನವು ಬೇಗ ತೀರಿಹೋಗುತ್ತವೆ. ಓಪನ್‌ಡಬ್ಲ್ಯುಆರ್‌ಟಿಯವರದ್ದು ಇನ್ನೊಂದು ಲೆಕ್ಕ. 19.07 ಅಂದರೆ 2019ರ ಜುಲೈನಲ್ಲಿ ಕವಲೊಡೆದದ್ದು. ಜನರ ಕೈಗೆ ಬಂದದ್ದು 2020ರ ಜನವರಿಯಲ್ಲಿ. ಅದರಲ್ಲಿ ‘ಫ್ಯಾಕ್ಟರಿ’ ಅನ್ನುವ ಫೈಲು ಕಂಪನಿಯ ಸಾಫ್ಟ್‌ವೇರ್ ಇರುವ ಪೆಟ್ಟಿಗೆಗೆ, ‘ಸಿಸ್‌ಅಪ್‌ಗ್ರೇಡ್’ ಅನ್ನೋದು ಈಗಾಗಲೇ ಓಪನ್‌ಡಬ್ಲ್ಯುಆರ್‌ಟಿ ಹಾಕಿಕೊಂಡಿರುವುದಕ್ಕೆ. ಹಾಸ್ಟೆಲ್ ರೂಮಿನ ರೂಟರಿಗೆ ಕೈ ಹಾಕೋ ಉತ್ಸಾಹಿಗಳು ಇದೊಂದು ಸಾಲನ್ನು ಎರಡು ಸಲ ಓದಿ.

ಇದೆಲ್ಲ ಲ್ಯಾಬಿನ ಮಾತು. ನಿಜವಾಗಿ ಬೇಕಾಗಿದ್ದು ದಸರಾ ರಜೆಯಲ್ಲಿ. ಹೊಳಲ್ಕೆರೆಯವನ ದೊಡ್ಡಪ್ಪನ ಮಗ ಹಳ್ಳಿಯಲ್ಲಿ ಕೇಬಲ್ ಜೊತೆ ಇಂಟರ್ನೆಟ್ ಲೈನೂ ಕೊಡ್ತಾರೆ, ಸುಮಾರು ಅರವತ್ತು ಮನೆ. ನಾವೆಲ್ಲ ಅವರಿಗೆ ಅಣ್ಣ ಅಂತಲೇ ಅನ್ನೋದು. ಅವರ ಅಂಗಡಿಯಲ್ಲಿ ಒಂದು ಮೈಕ್ರೋಟಿಕ್ ಆರ್‌ಬಿ2011, 2018ರಲ್ಲಿ ಹಾಕಿಸಿದ್ದು, ಅವತ್ತಿಂದ ಯಾರೂ ಮುಟ್ಟಿಲ್ಲ. ಒಳಗೆ ರೂಟರ್‌ಒಎಸ್ 6.41.3.

ಆ ಸಂಖ್ಯೆ ನೋಡಿ ನಮಗೆ ಭಯವಾಯ್ತು. 2018ರ ಏಪ್ರಿಲ್‌ನಲ್ಲಿ ರೂಟರ್‌ಒಎಸ್‌ನ ವಿನ್‌ಬಾಕ್ಸ್‌ನಲ್ಲಿ ಒಂದು ತೂತು ಸಿಕ್ಕಿತ್ತು. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ಒಳಗಿನ ಯೂಸರ್ ಫೈಲನ್ನು ಓದಿಬಿಡಬಹುದಿತ್ತು. ಮೈಕ್ರೋಟಿಕ್‌ನವರು ರಿಪೇರಿಯನ್ನು ಬೇಗನೆ ಕೊಟ್ಟರು, ಹಾಕಿಕೊಳ್ಳದವರೇ ಜಾಸ್ತಿ. ಅದೇ ವರ್ಷ ಬ್ರೆಜಿಲ್‌ನಲ್ಲಿ ಭಾರಿ ಸಂಖ್ಯೆಯ ರೂಟರುಗಳೊಳಗೆ ಯಾರೋ ಸೇರಿಕೊಂಡು, ಜನ ನೋಡುವ ಪುಟಗಳಿಗೆ ಕ್ರಿಪ್ಟೋ ಗಣಿಗಾರಿಕೆಯ ಸ್ಕ್ರಿಪ್ಟ್ ತುರುಕಿದರು.

ಹೊಸದುರ್ಗದವಳು ಹಳೇ ಪಟ್ಟಿ ತೆಗೆದು ತೋರಿಸಿದಳು. ಆ ತೂತು ಮುಚ್ಚಿದ್ದು 6.42.1ರಲ್ಲಿ ಮತ್ತು 6.40.8ರಲ್ಲಿ. ಅಣ್ಣ ಕನ್ನಡಕ ಮೇಲೇರಿಸಿ ನೋಡಿದರು.

“ಲೇ ತಮ್ಮಾ, ನನ್ನತ್ರ 41 ಐತೆ. 40ರಲ್ಲಿ ಸರಿ ಐತೆ ಅಂತೀರ, 41ರಲ್ಲಿ ಇಲ್ಲ ಅಂತೀರ. ದೊಡ್ಡ ನಂಬರ್ ಅಂದ್ರೆ ಹೊಸದು ತಾನೆ?”

ನಮ್ಮ ಇಡೀ ವರ್ಕ್‌ಶಾಪ್‌ನಲ್ಲಿ ಇಷ್ಟು ಒಳ್ಳೆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹಿರಿಯೂರಿನವನು ಪಹಣಿ ಉದಾಹರಣೆ ಕೊಟ್ಟ. ಸರ್ವೆ ನಂಬರ್ 42ರಲ್ಲಿ 42/9 ಆದಮೇಲೆ 42/10 ಬರುತ್ತೆ, ಅದು ದಶಮಾಂಶ ಅಲ್ಲ. ಹಾಗೆಯೇ ಸಾಫ್ಟ್‌ವೇರ್‌ನಲ್ಲಿ 6.9 ಚಿಕ್ಕದು, 6.42 ದೊಡ್ಡದು. ಇನ್ನು 40 ಒಂದು ಹಿಸ್ಸೆ, 41 ಇನ್ನೊಂದು ಹಿಸ್ಸೆ ಅಂದ್ಕೊಳ್ಳಿ. 40ರ ಹಿಸ್ಸೆಯನ್ನು ಬಹಳ ದಿನ ನೋಡ್ಕೋತೀವಿ ಅಂತ ಕಂಪನಿ ಮಾತು ಕೊಟ್ಟಿತ್ತು, ಅದಕ್ಕೆ ಆಗ ಬಗ್‌ಫಿಕ್ಸ್ ಅಂತಿದ್ದರು, ಈಗ ಲಾಂಗ್-ಟರ್ಮ್ ಅಂತಾರೆ. ಬೇಲಿ ಕಿತ್ತು ಹೋದಾಗ ಅಲ್ಲಿ ಎಂಟನೇ ಸಲ ಕಟ್ಟಿದರು, ಅದೇ 6.40.8. ಹೊಸದಾದ 42ರಲ್ಲೂ ಕಟ್ಟಿದರು. ನಡುವಿನ 41 ಅಷ್ಟೊತ್ತಿಗೆ ಬೀಳು ಬಿದ್ದಿತ್ತು. ಅಣ್ಣನಿಗೆ ತಕ್ಷಣ ಅರ್ಥ ಆಯ್ತು, ನಮಗೂ ಅವತ್ತೇ ಸರಿಯಾಗಿ ಅರ್ಥ ಆಗಿದ್ದು ಅನ್ನಬೇಕು.

“ಆದ್ರೂ ನಡೀತೈತಲ್ಲ, ಯಾಕೆ ಮುಟ್ಬೇಕು?” ಇದು ಅವರ ಎರಡನೇ ಪ್ರಶ್ನೆ, ಮತ್ತು ಇದನ್ನು ನಾವು ಹಗುರವಾಗಿ ತಗೊಳ್ಳಲಿಲ್ಲ. ಅರವತ್ತು ಮನೆಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬೋ ಹುಡುಗರಿದ್ದಾರೆ, ಮನೆಯಿಂದಲೇ ಕಂಪನಿ ಕೆಲಸ ಮಾಡೋ ಒಬ್ಬ ಅಕ್ಕ ಇದ್ದಾರೆ. ಬರೆಯುವಾಗ ಕರೆಂಟ್ ಹೋದರೆ ಪೆಟ್ಟಿಗೆ ಇಟ್ಟಿಗೆ ಆಗಬಹುದು, ಬದಲಿಗೆ ಇನ್ನೊಂದು ಪೆಟ್ಟಿಗೆ ಅಂಗಡಿಯಲ್ಲಿಲ್ಲ. ಮೊದಲು ಒಳಗೆ ಯಾರಾದರೂ ಸೇರಿಕೊಂಡಿದ್ದಾರಾ ಅಂತ ಹುಡುಕಿದ್ವಿ: ಗೊತ್ತಿಲ್ಲದ ಯೂಸರ್, ಶೆಡ್ಯೂಲರ್‌ನಲ್ಲಿ ವಿಚಿತ್ರ ಸ್ಕ್ರಿಪ್ಟ್, ಆನ್ ಆಗಿರುವ ಸಾಕ್ಸ್ ಪ್ರಾಕ್ಸಿ. ಏನೂ ಇರಲಿಲ್ಲ. ಅವರಿಗೆ ಮೇಲಿಂದ ಲೈನ್ ಕೊಡುವವರು ಪಬ್ಲಿಕ್ ಐಪಿ ಕೊಟ್ಟಿರಲಿಲ್ಲ, ಹಾಗಾಗಿ ಹೊರಗಿನಿಂದ ಈ ಪೆಟ್ಟಿಗೆ ಕಾಣುತ್ತಲೇ ಇರಲಿಲ್ಲ. “ಕೊಡ್ಲಿಲ್ಲ ಅಂತ ಅವರಿಗೆ ಎಷ್ಟು ಬೈದಿದ್ದೆ” ಅಂದರು ಅಣ್ಣ. ಆದರೆ ಒಳಗಿನ ಅರವತ್ತು ಮನೆಗೆ ಅದು ಕಾಣುತ್ತೆ. ಯಾವುದೋ ಮನೆಯ ಒಂದು ವೈರಸ್ ಲ್ಯಾಪ್‌ಟಾಪ್ ಸಾಕು. ಇದನ್ನು ಕೇಳಿ ಅವರು ಹೂಂ ಅಂದರು.

ಫೈಲ್ ಆರಿಸೋದರಲ್ಲೂ ಹೆಸರೇ ದಾರಿ ತೋರಿಸಿದ್ದು. ಮೈಕ್ರೋಟಿಕ್‌ನ ಪ್ಯಾಕೇಜು ಎನ್‌ಪಿಕೆ ಅಂತ ಕೊನೆಯಾಗುತ್ತೆ, ನಡುವೆ ಪ್ರೊಸೆಸರ್ ಜಾತಿ ಬರೆದಿರುತ್ತೆ: ಎಂಐಪಿಎಸ್‌ಬಿಇ, ಎಸ್‌ಎಂಐಪಿಎಸ್, ಆರ್ಮ್, ಟೈಲ್. 2011ಕ್ಕೆ ಎಂಐಪಿಎಸ್‌ಬಿಇ. 7ಕ್ಕೆ ಹಾರೋಣ ಅಂತ ದುರ್ಗದವನ ಆಸೆ. ಉಳಿದ ಮೂವರೂ ಬೇಡ ಅಂದ್ವಿ, 6ರ ಲಾಂಗ್-ಟರ್ಮ್‌ನಲ್ಲಿ ಕೊನೆಯದನ್ನೇ ತಗೊಂಡ್ವಿ. ಬ್ಯಾಕಪ್ ತೆಗೆದು, ಸೆಟ್ಟಿಂಗ್ಸ್ ಎಲ್ಲ ಎಕ್ಸ್‌ಪೋರ್ಟ್ ಮಾಡಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡ್ವಿ. ಅಣ್ಣ ಮನೆಯ ಯುಪಿಎಸ್ಸನ್ನೇ ಬಿಚ್ಚಿ ಹೊತ್ತು ತಂದರು.

ರಾತ್ರಿ ಹನ್ನೊಂದೂವರೆಗೆ ಫೈಲನ್ನು ವಿನ್‌ಬಾಕ್ಸ್‌ಗೆ ಎಳೆದು ಹಾಕಿ ರೀಬೂಟ್ ಕೊಟ್ವಿ. ದೀಪಗಳೆಲ್ಲ ಆರಿದವು. ಆ ಎರಡು ನಿಮಿಷ ಅಣ್ಣ ಪೆಟ್ಟಿಗೆ ನೋಡಲಿಲ್ಲ, ನಮ್ಮ ಮುಖ ನೋಡ್ತಿದ್ದರು. ಬೀಪ್ ಅಂತ ಸದ್ದು ಬಂದು ಒಂದೊಂದೇ ಪೋರ್ಟ್ ಹಸಿರಾಯ್ತು. ಹೊಸ ನಂಬರ್ ಕಂಡಿತು, ಅಣ್ಣ ಟೀ ಹೇಳೋಕೆ ಎದ್ದರು, ಆ ಹೊತ್ತಲ್ಲಿ ಟೀ ಎಲ್ಲಿ ಸಿಗುತ್ತೆ ಅಂತ ಮತ್ತೆ ಕೂತರು.

ಇನ್ನೂ ಒಂದು ಬಾಕಿ ಇತ್ತು. ರೂಟರ್‌ಒಎಸ್ ಹೊಸದಾದರೂ ಪೆಟ್ಟಿಗೆಯ ಬೂಟ್ ಫರ್ಮ್‌ವೇರ್ ಹಳೇದೇ ಇರುತ್ತೆ, ಅದನ್ನು ‘ಸಿಸ್ಟಮ್ ರೂಟರ್‌ಬೋರ್ಡ್ ಅಪ್‌ಗ್ರೇಡ್’ ಅಂತ ಬೇರೆಯಾಗಿ ಕೊಡಬೇಕು, ಮತ್ತೊಮ್ಮೆ ರೀಬೂಟ್. ಅದನ್ನು ಕೊಟ್ಟ ಅರ್ಧ ನಿಮಿಷಕ್ಕೆ ಅಣ್ಣನ ಫೋನ್ ಹೊಡೆದುಕೊಂಡಿತು. ಆ ಕಡೆಯಿಂದ ಯಾರೋ ಹುಡುಗ: “ಅಣ್ಣಾ, ಗೇಮ್ ಮಧ್ಯದಲ್ಲಿ ಎರಡನೇ ಸಲ ಹೋಯ್ತು, ಏನ್ ಮಾಡ್ತಿದೀರ?”