ಬೆಂಗಾವಲಿನ ಲೆಕ್ಕ

ಚರ್ಚ್‌ಗೇಟಿನಿಂದ ವಿರಾರಿನತ್ತ ಸಾಗುವ ಲೋಕಲ್ ಗಾಡಿಯಲ್ಲಿ ನಿತ್ಯ ಪ್ರಯಾಣ ಮಾಡುವ ಕನ್ನಡಿಗರು ಅನೇಕರಿದ್ದಾರೆ. ಅವರಲ್ಲಿ ಧಾರವಾಡ, ಹಾವೇರಿಗಳ ಕಡೆಯಿಂದ ಬಂದು ನೆಲೆಸಿದವರೂ ಉಂಟು. ಗಾಡಿ ವಸಾಯಿಯಲ್ಲಿ ನಿಂತಾಗ, ತಮ್ಮ ನಾಡಿನ ಎರಡು ಸೀಮೆಗಳಿಗೆ ಒಮ್ಮೆ ಇದೇ ಊರಿನಲ್ಲಿ ಬೆಲೆ ಕಟ್ಟಲಾಗಿತ್ತೆಂಬುದು ಅವರಲ್ಲಿ ಎಷ್ಟು ಮಂದಿಗೆ ನೆನಪಾಗುತ್ತದೆಯೋ! ಹೋಳ್ಕರನಿಗೆ ಸೋತು ಪುಣೆಯನ್ನು ಬಿಟ್ಟು ಬಂದಿದ್ದ ಎರಡನೆಯ ಬಾಜೀರಾಯ ಪೇಶ್ವೆಯು 1802ರ ಡಿಸೆಂಬರ್ 31ರಂದು ವಸಾಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡನು. ಆರು ಸಾವಿರಕ್ಕೆ ಕಡಮೆಯಿಲ್ಲದ ಕಾಲಾಳುಗಳ ಸೈನ್ಯವನ್ನು ಕಂಪನಿಯು ಅವನ ರಕ್ಷಣೆಗೆ ಇಡತಕ್ಕದ್ದು; ಅದರ ಖರ್ಚಿಗಾಗಿ ವರ್ಷಕ್ಕೆ 26 ಲಕ್ಷ ರೂಪಾಯಿ ಹುಟ್ಟುವಳಿಯ ನಾಡನ್ನು ಅವನು ಬಿಟ್ಟುಕೊಡತಕ್ಕದ್ದು. ಹೀಗೆ ಬಿಟ್ಟುಕೊಟ್ಟ ನಾಡುಗಳ ಪಟ್ಟಿಯಲ್ಲಿ ಗುಜರಾತಿನ ಪರಗಣೆಗಳ ಜೊತೆಗೆ ಸವಣೂರು ಮತ್ತು ಬಂಕಾಪುರಗಳ ಹೆಸರುಗಳಿದ್ದವು. ಮರುವರ್ಷ 1803ರ ಕೊನೆಗೆ ಪೂರಕ ಒಪ್ಪಂದವೊಂದಾಗಿ ಅವೆರಡೂ ಪೇಶ್ವೆಗೆ ಹಿಂದಿರುಗಿದವು. ಅವುಗಳ ಬದಲಿಗೆ ದೂರದ ಬುಂದೇಲಖಂಡದ ಭೂಮಿ ಕಂಪನಿಗೆ ಸೇರಿತು. ಬಂಕಾಪುರದ ರೈತನನ್ನು ಕೊಡುವಾಗಲೂ ಯಾರೂ ಕೇಳಲಿಲ್ಲ, ಹಿಂದಕ್ಕೆ ಪಡೆಯುವಾಗಲೂ ಕೇಳಲಿಲ್ಲ. ಅವನ ಹೊಲ ಒಂದು ಸೈನ್ಯದ ಸಂಬಳವಾಗಿ ಬರೆಯಲ್ಪಟ್ಟು, ಒಂದು ವರ್ಷದೊಳಗೆ ಅಳಿಸಲ್ಪಟ್ಟಿತು.

ವಸಾಹತು ಕಾಲದ ರಾಜತಂತ್ರವನ್ನು ಕುರಿತು ಬರೆಯುವವರು ಒಪ್ಪಂದಗಳನ್ನೂ ಯುದ್ಧಗಳನ್ನೂ ರೆಸಿಡೆಂಟರ ಸ್ವಭಾವ ವೈಚಿತ್ರ್ಯಗಳನ್ನೂ ವಿವರಿಸುತ್ತಾರೆ. ರೆಸಿಡೆಂಟನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಸಿಪಾಯಿಗೆ ಸಂಬಳ ಕೊಟ್ಟವರು ಯಾರು ಎಂಬ ಪ್ರಶ್ನೆ ಕ್ಷುಲ್ಲಕವೆಂದು ತೋರುವುದರಿಂದ ಅದನ್ನು ಲೆಕ್ಕಿಗರಿಗೆ ಬಿಟ್ಟಿರುತ್ತಾರೆ. ಆದರೆ ಆ ಕಾಲದ ಅಧಿಕಾರದ ನಿಜವಾದ ಗುಟ್ಟು ಈ ಪ್ರಶ್ನೆಯಲ್ಲಿಯೇ ಅಡಗಿದೆ. ಬೆಂಗಾವಲು ಯಾರಿಗಾಗಿ ಎಂಬುದನ್ನು ಒಪ್ಪಂದದ ಮಾತು ಮುಚ್ಚಿಡಬಹುದು; ಅದರ ವೆಚ್ಚವನ್ನು ಯಾರ ಹೆಸರಿಗೆ ಬರೆಯಲಾಯಿತು ಎಂಬುದು ಅಷ್ಟು ಸುಲಭವಾಗಿ ಮುಚ್ಚಿಕೊಳ್ಳುವುದಿಲ್ಲ.

ಇಲ್ಲಿ ಎರಡು ಬಗೆಯ ಕಾವಲನ್ನು ಬೇರ್ಪಡಿಸಿ ನೋಡಬೇಕು. ರೆಸಿಡೆಂಟನ ಮನೆಯನ್ನೂ ಖಜಾನೆಯನ್ನೂ ಕಾಯುವ, ಅವನು ಹೊರಟಾಗ ಹಿಂದೆ ಮುಂದೆ ನಡೆಯುವ ಸಣ್ಣ ತುಕಡಿ ಒಂದು. ಅರಸನ ರಕ್ಷಣೆಗೆಂದು ನಾಡಿನಲ್ಲಿ ಬೀಡುಬಿಟ್ಟ ಸಹಾಯಕ ಸೈನ್ಯ ಇನ್ನೊಂದು. ಕಾಗದದ ಮೇಲೆ ಮೊದಲನೆಯದು ಕಂಪನಿಯ ಖರ್ಚು, ಎರಡನೆಯದು ಅರಸನ ಖರ್ಚು. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಮೈಸೂರಿನ ಮೇಲೆ ಹೊರಿಸಿದ ವಾರ್ಷಿಕ ಪೊಗದಿ 7 ಲಕ್ಷ ಸ್ಟಾರ್ ಪಗೋಡಗಳು, ಎಂದರೆ ಸುಮಾರು 24.5 ಲಕ್ಷ ರೂಪಾಯಿ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸುವಾಗ ಅದನ್ನು 35 ಲಕ್ಷಕ್ಕೆ ಏರಿಸುವ ಷರತ್ತನ್ನು ಹಾಕಲಾಯಿತು. ಅರಸನ ಕಾವಲಿಗೆಂದು ಇಟ್ಟ ಸೈನ್ಯ ಅರಸನ ಮೇಲಿನ ಕಾವಲೂ ಆಗಿತ್ತೆಂಬುದಕ್ಕೆ ಪುಣೆಯ ನಿದರ್ಶನವೇ ಸಾಕು. 1817ರ ನವೆಂಬರ್ 5ರಂದು ಖಡಕಿಯಲ್ಲಿ ಪೇಶ್ವೆಯ ಸೈನ್ಯವನ್ನು ಎದುರಿಸಿ ನಿಂತವರಲ್ಲಿ ಅವನದೇ ನಾಡಿನ ಹುಟ್ಟುವಳಿಯಿಂದ ಪೋಷಿತವಾದ ಆ ಸಹಾಯಕ ಸೈನ್ಯದ ದಳಗಳಿದ್ದವು. ತನ್ನನ್ನು ಸೋಲಿಸುವ ಸೈನ್ಯಕ್ಕೆ ಹದಿನೈದು ವರ್ಷ ಮುಂಗಡವಾಗಿ ಸಂಬಳ ತೆತ್ತ ಅರಸನ ಕಥೆಯಿದು.

ಪರರ ನೆಲದಲ್ಲಿ ಹೀಗೆ ಅರಸನ ಮೇಲೆ ಹೊರಿಸಲು ಆಗದೆ ಹೋದಾಗ ಲೆಕ್ಕದ ಗೋಜಲು ಇನ್ನೊಂದು ರೂಪ ತಾಳುತ್ತದೆ. ಮುಂಬಯಿಯ ರಾಜತಂತ್ರದ ಕೈಗಳು ಅರಬ್ಬಿ ಸಮುದ್ರದಾಚೆಗೂ ಚಾಚಿದ್ದವು. ಕಂಪನಿಯ ಕೋಠಿ ಬುಶೈರಿನಲ್ಲಿ ನೆಲೆಗೊಂಡದ್ದು 1763ರಲ್ಲಿ. ಬಾಗದಾದಿನಲ್ಲಿ ರೆಸಿಡೆನ್ಸಿ ತೆರೆದದ್ದು 1798ರಲ್ಲಿ. ಪರ್ಷಿಯಾ ಕೊಲ್ಲಿಯ ರೆಸಿಡೆನ್ಸಿಯು 1873ರವರೆಗೆ ಮುಂಬಯಿ ಸರ್ಕಾರದ ಅಧೀನದಲ್ಲಿಯೇ ಇತ್ತು. 1808ರಲ್ಲಿ ಬಾಗದಾದಿಗೆ ಹೋದ ಕ್ಲಾಡಿಯಸ್ ರಿಚ್, ಮುಂಬಯಿಯ ರೆಕಾರ್ಡರ್ ನ್ಯಾಯಾಧೀಶ ಸರ್ ಜೇಮ್ಸ್ ಮ್ಯಾಕಿಂಟಾಷನ ಅಳಿಯ. ಆಡಂಬರವಿಲ್ಲದೆ ಮರ್ಯಾದೆಯಿಲ್ಲ ಎಂಬುದು ಆ ಹುದ್ದೆಯ ತಿಳಿವಳಿಕೆ. ಅವನ ಸವಾರಿಗೆ ಸಿಪಾಯಿಗಳ ಬೆಂಗಾವಲು ಇರುತ್ತಿತ್ತು. 1821ರಲ್ಲಿ ದಾವೂದ್ ಪಾಷಾನೊಡನೆ ಮನಸ್ತಾಪ ಬೆಳೆದು ಪಾಷಾನ ಜನ ರೆಸಿಡೆನ್ಸಿಯನ್ನು ಸುತ್ತುವರಿದಾಗ ರಿಚ್ ಆ ಸಣ್ಣ ತುಕಡಿಯನ್ನೇ ನೆಚ್ಚಿ ನಿಂತನು. ಅದೇ ವರ್ಷ ಶಿರಾಜಿನಲ್ಲಿ ಅವನು ಕಾಲರಾಕ್ಕೆ ತುತ್ತಾದನು. ಅವನು ಕೂಡಿಸಿದ ಹಸ್ತಪ್ರತಿಗಳು, ಬಾಬಿಲೋನಿನ ಅವಶೇಷಗಳು ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿ ಅವನ ಹೆಸರನ್ನು ಉಳಿಸಿದವು.

ಇಂಥ ಬೆಂಗಾವಲನ್ನು ಯಾವ ಶೀರ್ಷಿಕೆಯ ಕೆಳಗೆ ಬರೆಯುವುದು? ಸಿಪಾಯಿಯ ಮೂಲ ಸಂಬಳವನ್ನು ಪಲ್ಟಣದ ಖರ್ಚಿಗೆ ಬರೆದರೆ ರೆಸಿಡೆನ್ಸಿ ಅಗ್ಗವಾಗಿ ಕಾಣುತ್ತದೆ. ರೆಸಿಡೆನ್ಸಿಯ ಖರ್ಚಿಗೆ ಬರೆದರೆ ಸೈನ್ಯ ಅಗ್ಗವಾಗಿ ಕಾಣುತ್ತದೆ. ಪರದೇಶದ ಭತ್ಯ, ಹಡಗಿನ ಬಾಡಿಗೆ, ಗುಡಾರ, ಕುದುರೆಯ ಮೇವು ಇವುಗಳನ್ನು ಎರಡು ಇಲಾಖೆಗಳ ನಡುವೆ ಹಂಚಿಬಿಟ್ಟರೆ ಒಟ್ಟು ಮೊತ್ತ ಯಾರ ಕಣ್ಣಿಗೂ ಬೀಳುವುದಿಲ್ಲ. ಯಾವ ಪುಟದಲ್ಲಿ ಬರೆದರೂ ಹಣ ಬರುವುದು ಮಾತ್ರ ಒಂದೇ ಖಜಾನೆಯಿಂದ. 1818ರ ನಂತರ ಧಾರವಾಡ ಸೀಮೆಯ ಕಂದಾಯವೂ ಕಂಪನಿಯ ಖಜಾನೆಯನ್ನು ಸೇರತೊಡಗಿತು. ನವಲಗುಂದದ ಎರೆಹೊಲದ ಯಾವ ರೂಪಾಯಿ ಟೈಗ್ರಿಸ್ ದಂಡೆಯ ಯಾವ ಕಾವಲುಗಾರನಿಗೆ ಮುಟ್ಟಿತೆಂದು ಯಾರೂ ತೋರಿಸಲಾರರು. ಹಾಗೆ ತೋರಿಸಲಾಗದಂತೆ ಕೂಡಿಸಿಬಿಡುವುದೇ ಸಾಮ್ರಾಜ್ಯದ ಲೆಕ್ಕದ ಜಾಣತನ.

ಕನ್ನಡ ನಾಡಿನೊಳಗೆ ಬೆಂಗಾವಲಿನ ಲೆಕ್ಕ ಎರಡು ಸಲ ತಪ್ಪಿತು. 1824ರ ಅಕ್ಟೋಬರ್ 23ರಂದು, ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆ ತಾನು ತಂದಿದ್ದ ಸಣ್ಣ ಪಡೆ ಮತ್ತು ಫಿರಂಗಿಗಳು ಸಾಕೆಂದು ಬಗೆದು ಕಿತ್ತೂರಿನ ಕೋಟೆಯ ಮುಂದೆ ನಿಂತು ಹತನಾದನು. 1858ರ ಮೇ ಕೊನೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೆಲವೇ ಸವಾರರೊಡನೆ ಸುರೇಬಾನದಲ್ಲಿ ತಂಗಿದ್ದಾಗ ನರಗುಂದದ ಬಾಬಾಸಾಹೇಬನ ಕೈಗೆ ಸಿಕ್ಕಿ ಹತನಾದನು. ಎರಡು ಸಂದರ್ಭಗಳಲ್ಲಿಯೂ ಬೆಂಗಾವಲಿನ ಸಂಖ್ಯೆಯನ್ನು ನಿರ್ಧರಿಸಿದ್ದು ಜನರ ಮನಸ್ಸಿನ ಅರಿವಲ್ಲ, ಹುದ್ದೆಯ ಹೆಸರೇ ಅರ್ಧ ಕಾವಲು ಎಂಬ ನಂಬಿಕೆ. ಆ ನಂಬಿಕೆ ಒಡೆದ ಮೇಲೆ ಬಂದ ದೊಡ್ಡ ಸೈನ್ಯಗಳಿಗೆ ಬೆಲೆ ತೆತ್ತವರು ಕಿತ್ತೂರು, ನರಗುಂದಗಳೇ. ಕಿತ್ತೂರಿನ ಸಂಸ್ಥಾನವೇ ಅಳಿಯಿತು. ಬಾಬಾಸಾಹೇಬನನ್ನು ಅದೇ ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಕಿತ್ತೂರಿನಲ್ಲಿ ಥ್ಯಾಕರೆಯ ಸಹಾಯಕನಾಗಿದ್ದು ಸೆರೆಸಿಕ್ಕ ತರುಣ ವಾಲ್ಟರ್ ಎಲಿಯಟ್ ಬದುಕಿ ಉಳಿದು, ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದನೆಂಬುದನ್ನು ಕನ್ನಡ ವಿದ್ವಾಂಸರು ಮರೆಯಲಾರರು. ವಿದ್ಯೆಯೂ ಅದೇ ಲೆಕ್ಕಪುಸ್ತಕದ ಇನ್ನೊಂದು ಪುಟದಿಂದ ಬಂದದ್ದು.

ಈ ಪ್ರಶ್ನೆಯನ್ನು ಲೆಕ್ಕಿಗರ ಕೋಣೆಯಿಂದ ಸಭೆಗೆ ತಂದವರಲ್ಲಿ ಮುಂಬಯಿ ಪ್ರಾಂತದವರೇ ಮುಖ್ಯರು. ಭಾರತದ ವೆಚ್ಚವನ್ನು ಪರಿಶೀಲಿಸಲೆಂದೂ ಉಭಯ ದೇಶಗಳಿಗೂ ಸಂಬಂಧಿಸಿದ ಖರ್ಚನ್ನು ಹೇಗೆ ಹಂಚಬೇಕೆಂದು ಹೇಳಲೆಂದೂ 1895ರಲ್ಲಿ ವೆಲ್ಬಿ ಆಯೋಗ ನೇಮಕವಾಯಿತು. ದಾದಾಭಾಯಿ ನವರೋಜಿ ಅದರ ಸದಸ್ಯರಾಗಿದ್ದರು. 1897ರಲ್ಲಿ ದಿನ್ಶಾ ವಾಚಾ, ಗೋಪಾಲಕೃಷ್ಣ ಗೋಖಲೆ ಮೊದಲಾದವರು ಲಂಡನ್ನಿನಲ್ಲಿ ಸಾಕ್ಷ್ಯ ನುಡಿದರು. 1839ರಲ್ಲಿ ಮುಂಬಯಿಯಿಂದ ಹೋದ ಪಡೆಗಳು ಹಿಡಿದ ಏಡನ್ನಿನ ಸೈನಿಕ ವೆಚ್ಚ, ಪರ್ಷಿಯಾದ ರಾಯಭಾರದ ವೆಚ್ಚ ಇವನ್ನೆಲ್ಲ ಭಾರತವೊಂದೇ ಏಕೆ ಹೊರಬೇಕು ಎಂಬುದು ಅಲ್ಲಿ ಎದ್ದ ಪ್ರಶ್ನೆಗಳಲ್ಲೊಂದು. 1900ರ ವರದಿ ಏಡನ್ನಿನ ಸೈನಿಕ ಖರ್ಚಿನ ಅರ್ಧವೂ ಸೇರಿದಂತೆ ವರ್ಷಕ್ಕೆ ಎರಡೂವರೆ ಲಕ್ಷ ಪೌಂಡಿಗೂ ಮೀರಿದ ಪರಿಹಾರವನ್ನು ಶಿಫಾರಸು ಮಾಡಿತು. ನವರೋಜಿ, ವೆಡರ್‌ಬರ್ನ್, ಕೇನ್ ಈ ಮೂವರು ಭಿನ್ನಮತದ ವರದಿ ಬರೆದರು. ಪರಿಹಾರ ಅಲ್ಪ, ಆದರೆ ಯಾರ ಹೆಸರಿಗೆ ಯಾವ ಖರ್ಚು ಎಂದು ಕೇಳುವ ಹಕ್ಕು ತೆರುವವನಿಗೂ ಉಂಟೆಂಬುದು ಅಂದಿನಿಂದ ಕಾಗದಕ್ಕೆ ಏರಿತು.

ಕನ್ನಡದ ಓದುಗನಿಗೆ ಇಲ್ಲಿ ಇನ್ನೊಂದು ಲೆಕ್ಕ ನೆನಪಾಗದೆ ಇರದು. ನಮ್ಮ ಪ್ರಾಚೀನ ಶಾಸನಗಳಲ್ಲಿ ಕಾಯುವವನಿಗೂ ಕಾಯಲ್ಪಡುವವನಿಗೂ ನಡುವಿನ ಋಣಕ್ಕೆ ಜೋಳವಾಳಿ, ವೇಳೆವಾಳಿ ಎಂಬ ಹೆಸರುಗಳಿವೆ. ಉಂಡ ಜೋಳದ ಋಣವನ್ನು ಪ್ರಾಣ ಕೊಟ್ಟು ತೀರಿಸುವುದು ಒಂದು ಕಡೆಯ ಕರ್ತವ್ಯ. ಮಡಿದವನ ಮನೆಗೆ ನೆತ್ತರುಗೊಡಗೆಯ ಭೂಮಿ ಬಿಡುವುದು ಇನ್ನೊಂದು ಕಡೆಯದು. ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಿ ಗಂಗ ಬೂತುಗನು ಮಣಲೇರನಿಗೆ ಬಾಳ್ಗಚ್ಚಾಗಿ ಊರು ಕೊಟ್ಟದ್ದಿದೆ. ಹಂದಿಯೊಡನೆ ಹೋರಿ ಸತ್ತ ಕಾಳಿ ಎಂಬ ನಾಯಿಯ ಹೆಸರೂ ಇದೆ. ಆ ವ್ಯವಸ್ಥೆಯನ್ನು ಹೊಗಳಬೇಕಾಗಿಲ್ಲ. ಅಲ್ಲಿಯೂ ಸಾಯುವವನು ಬಡವ, ಬಾಳುವವನು ಒಡೆಯ. ಆದರೂ ಅಲ್ಲಿ ಸಾವಿಗೆ ಒಂದು ಹೆಸರು, ಒಂದು ಕಲ್ಲು, ಒಂದು ತುಂಡು ನೆಲ ಸಂದಿತ್ತು. ರೆಸಿಡೆನ್ಸಿಯ ಖರ್ಚಿನ ಪಟ್ಟಿಗೆ ಬೇಕಾದದ್ದು ಸಿಪಾಯಿಗಳ ತಲೆಗಳ ಎಣಿಕೆ. ಹೆಸರುಗಳೇನಿದ್ದರೂ ಪಲ್ಟಣದ ಹಾಜರಿಪಟ್ಟಿಯಲ್ಲಿ ಉಳಿದವು. ಯಾರಿಗಾಗಿ ಎಲ್ಲಿ ನಿಂತರೆಂಬುದು ಬೇರೆ ಕಡತದಲ್ಲಿ ಉಳಿಯಿತು. ಒಬ್ಬನ ಬಾಳು ಹೀಗೆ ಎರಡು ಇಲಾಖೆಗಳ ನಡುವೆ ಸೀಳಿಹೋಯಿತು.

ಕಡತ ಎಂಬ ಮಾತೂ ವಿಚಾರ ಮಾಡತಕ್ಕದ್ದು. ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಸಿದ ಬಟ್ಟೆಯ ಮೇಲೆ ಬಳಪದಿಂದ ಶಾನುಭೋಗರೂ ವರ್ತಕರೂ ಲೆಕ್ಕ ಬರೆಯುತ್ತಿದ್ದ ಪುಸ್ತಕವದು. ಅಳಿಸಿ ತಿದ್ದಲು ಬರುವಂಥದು. ಕಂಪನಿಯ ಕಾಗದ ಅಳಿಸಲು ಬಾರದು. ಆದರೆ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಖರ್ಚನ್ನು ವರ್ಗಾಯಿಸಿದರೆ ಅಳಿಸಿದಷ್ಟೇ ಫಲ. ಖಡಕಿಯ ಕದನದ ದಿನ ಪುಣೆಯ ರೆಸಿಡೆನ್ಸಿಯೊಡನೆ ತನ್ನ ಪುಸ್ತಕಗಳನ್ನೂ ಕಾಗದಗಳನ್ನೂ ಬೆಂಕಿಗೆ ಕಳೆದುಕೊಂಡ ಎಲ್ಫಿನ್‌ಸ್ಟನ್ನನೇ ಮುಂಬಯಿಯ ಗವರ್ನರನಾಗಿದ್ದಾಗ, 1821ರಲ್ಲಿ, ಇಲ್ಲಿ ದಾಖಲೆಗಳ ಕಚೇರಿ ಸ್ಥಾಪನೆಯಾಯಿತು. ಕಾಳಾಘೋಡಾದಲ್ಲಿ ಅವನ ಹೆಸರಿನ ಕಾಲೇಜಿನ ಕಟ್ಟಡ ಆ ದಾಖಲೆಗಳಿಗೆ ದೀರ್ಘಕಾಲ ನೆರಳು ಕೊಟ್ಟಿದೆ.

ಕಲೀನಾದ ವಿದ್ಯಾನಗರಿಯಲ್ಲಿ ಕನ್ನಡ ಓದುವ ವಿದ್ಯಾರ್ಥಿಗೆ ಅಲ್ಲಿಗೆ ಒಂದು ಗಂಟೆಯ ದಾರಿ. ಸವಣೂರು, ಕಿತ್ತೂರು, ನರಗುಂದಗಳ ಹಿಂದಿನ ಎರಡು ಶತಮಾನಗಳ ಕಥೆಯನ್ನು ಲಾವಣಿಗಳಲ್ಲಿ ಹುಡುಕಿದ ನಮ್ಮ ವಿದ್ವತ್ತು, ಅದೇ ಊರುಗಳನ್ನು ಪೊಲಿಟಿಕಲ್ ಇಲಾಖೆಯ ಜಮಾಖರ್ಚುಗಳಲ್ಲಿ ಅಷ್ಟಾಗಿ ಹುಡುಕಿಲ್ಲ. ಲಾವಣಿ ಹೆಸರನ್ನು ಉಳಿಸುತ್ತದೆ, ಮೊತ್ತವನ್ನು ಮರೆಯುತ್ತದೆ. ಖರ್ಚಿನ ಪಟ್ಟಿ ಮೊತ್ತವನ್ನು ಉಳಿಸುತ್ತದೆ, ಹೆಸರನ್ನು ಮರೆಯುತ್ತದೆ. ಎರಡನ್ನೂ ಎದುರುಬದುರಿಟ್ಟು ಓದಬಲ್ಲವನಿಗೆ ಮಾತ್ರ ಬಾಗಿಲಲ್ಲಿ ನಿಂತಿದ್ದವನು ಯಾರು, ಅವನ ಅನ್ನಕ್ಕೆ ತೆತ್ತವನು ಯಾರು ಎಂಬುದು ಒಂದೇ ವಾಕ್ಯದಲ್ಲಿ ಹೇಳಲು ಬಂದೀತು. ಇನ್ನೂರು ವರ್ಷಗಳಿಂದ ಬಾಕಿ ಉಳಿದಿರುವ ಆ ವಾಕ್ಯವನ್ನು ಬರೆಯಬೇಕಾದದ್ದು ಕನ್ನಡದಲ್ಲಿ.