ನೆಲ ಬೆವರುತ್ತೆ ಕಣೇ!

ಜಯನಗರದ ನಮ್ಮ ಮನೆ ಮಾವನವರು ಕಟ್ಟಿಸಿದ್ದು. 1948ರಲ್ಲಿ ಅಡಿಗಲ್ಲು ಬಿದ್ದ ಬಡಾವಣೆ ಇದು. ಇಲ್ಲಿನ ಎಷ್ಟೋ ಹಳೆಯ ಮನೆಗಳ ಹಾಗೆ ನಮ್ಮಲ್ಲೂ ನಡುಮನೆಗೆ ಕೆಂಪು ಗಾರೆ, ಕಾರು ಷೆಡ್ಡಿಗೆ ಬರೀ ಸಿಮೆಂಟು. ಷೆಡ್ಡು ಅಂತ ಹೆಸರಷ್ಟೇ. ಮಳೆಗಾಲದಲ್ಲಿ ಬಟ್ಟೆ ಹರವುವುದು, ಹಬ್ಬಕ್ಕೆ ನಾಲ್ಕು ಜನ ಹೆಚ್ಚು ಬಂದರೆ ಎಲೆ ಹಾಕುವುದು ಎಲ್ಲಾ ಅಲ್ಲೇ. ಬೆಳಗಾಗೆದ್ದು ಗೇಟಿನ ಮುಂದೆ ರಂಗೋಲಿ ಹಾಕಲು ಅತ್ತೆಯವರು ಹೋಗುವ ದಾರಿಯೂ ಅದೇ.

ಮಗಳ ನಿಶ್ಚಿತಾರ್ಥ ಗೊತ್ತಾದಾಗ ಆ ನೆಲ ನನ್ನ ಕಣ್ಣಿಗೆ ಚುಚ್ಚತೊಡಗಿತು. ಗುಡಿಸಿದಷ್ಟೂ ಏಳುವ ಧೂಳು, ನಡುವೆ ಇಂಜಿನ್ ಆಯಿಲಿನ ಕರೆ. ಜೆ.ಪಿ. ನಗರದಲ್ಲಿ ತಂಗಿ ತನ್ನ ಹೊಸ ಮನೆಯ ಷೆಡ್ಡಿಗೆ ಎಪಾಕ್ಸಿ ಹಾಕಿಸಿದ್ದಳು; ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಮಗೂ ಅಂಥದೇ ಬೇಕೆಂದು ಹಟ ಹಿಡಿದೆ.

"ನೆಲ ಬೆವರುತ್ತೆ ಕಣೇ, ಬಣ್ಣ ನಿಲ್ಲಲ್ಲ," ಎಂದರು ಅತ್ತೆಯವರು. ಎಂಬತ್ತೆರಡು ವರ್ಷದವರಿಗೆ ಇದೆಲ್ಲಾ ಏನು ಗೊತ್ತು ಎಂದುಕೊಂಡೆ.

ಶ್ರಾವಣದ ಮಳೆಯ ನಡುವೆಯೇ ಕೆಲಸದವನು ಗುಡಿಸಿ, ಎರಡೇ ದಿನದಲ್ಲಿ ಬಳಿದು ಹೋದ. ನಿಶ್ಚಿತಾರ್ಥಕ್ಕೆ ಬಂದವರೆಲ್ಲ ಹೊಗಳಿದರು. ದೀಪಾವಳಿಯ ಹೊತ್ತಿಗೆ ಗುಳ್ಳೆ ಎದ್ದವು; ಟೈರು ನಿಲ್ಲುವ ಕಡೆ ಹಪ್ಪಳದ ಹಾಗೆ ಕಿತ್ತುಬಂತು. ಅದಾದರೂ ಹೋಗಲಿ. ಒಂದು ಬೆಳಿಗ್ಗೆ ಮಳೆನೀರು ಒಳಗೆ ಹರಿದಿತ್ತು. ರಂಗೋಲಿ ಡಬ್ಬಿ ಹಿಡಿದು ಹೊರಟ ಅತ್ತೆಯವರು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಅನ್ನ ಕಲಸಿ ಕೊಡುತ್ತಾ, ತಲೆ ಬಾಚುತ್ತಾ ಕಳೆದ ಆ ದಿನಗಳಲ್ಲಿ ತಿಳಿದವರನ್ನು ಕೇಳಿ ನಾನು ಕಲಿತದ್ದಿಷ್ಟು.

ಸಾಮಾನ್ಯ ಫ್ಲೋರ್ ಪೇಂಟು ಅಗ್ಗ, ಆದರೆ ತೆಳು. ಬಿಸಿ ಟೈರಿಗೆ ಬೇಗ ಅಂಟಿ ಬರುತ್ತದೆ. ಎಪಾಕ್ಸಿ ಎಂದರೆ ಎರಡು ಡಬ್ಬಗಳ ದ್ರವ ಬೆರೆಸಿ ಹಾಕುವ ಗಟ್ಟಿ ಪದರ. ಎಣ್ಣೆ ಹೀರದು, ಒರೆಸಲು ಸುಲಭ. ಆದರೆ ಮೊದಲು ಎಣ್ಣೆ ಕರೆ ತೆಗೆದು, ಮೆಷಿನ್ನಿನಿಂದ ನೆಲ ಉಜ್ಜಿಸಲೇಬೇಕು. ಹೊಸ ಸಿಮೆಂಟಾದರೆ 28 ದಿನವಾದರೂ ಕಾಯಬೇಕು. ಹಾಕಿಸಿದ ಮೇಲೆ ಸುಮಾರು ಒಂದು ವಾರ ಕಾರು ನಿಲ್ಲಿಸಬಾರದು. ಬಿಸಿಲು ಬೀಳುವ ಕಡೆ ಹಳದಿಯಾಗುತ್ತದೆ; ಅಲ್ಲಿ ಮೇಲೊಂದು ಪಾಲಿಯುರೆಥೇನ್ ಕೋಟು ಬೇಕು. ನುಣುಪು ನೆಲ ಒದ್ದೆಯಾದರೆ ಜಾರುತ್ತದೆ, ಆದ್ದರಿಂದ ಸಣ್ಣ ಮರಳು ಸೇರಿಸಿ ಹಾಕಿರೆಂದು ಮರೆಯದೆ ಹೇಳಿ. ಪಾರ್ಕಿಂಗ್ ಟೈಲ್ಸ್ ಮೈ ತರಿತರಿಯಾಗಿರುವುದರಿಂದ ಅಷ್ಟು ಜಾರದು. ಆದರೆ ಕೆಳಗೆ ಪೊಳ್ಳು ಉಳಿದರೆ ಕಾರಿನ ಭಾರಕ್ಕೆ ಬಿರಿಯುತ್ತದೆ. ಕೊನೆಯದು, ಸಿಮೆಂಟಿನೊಳಗೆ ಇಳಿಯುವ ಸೀಲರ್. ಹೊಳಪಿಲ್ಲ, ಆದರೆ ಧೂಳು ಏಳದು, ಒಳಗಿನ ತೇವಕ್ಕೆ ದಾರಿಯೂ ಕಟ್ಟದು. ಎಣ್ಣೆ ಚೆಲ್ಲಿದರೆ ಮಾತ್ರ ತಕ್ಷಣ ಒರೆಸಬೇಕು.

ಯಾವುದನ್ನೇ ಹಾಕಿಸುವ ಮುಂಚೆ ಈ ಪರೀಕ್ಷೆ ನೀವೇ ಮಾಡಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರೀ ಸಿಮೆಂಟಿನ ಮೇಲಿಟ್ಟು, ನಾಲ್ಕೂ ಅಂಚಿಗೆ ಟೇಪು ಅಂಟಿಸಿ. 16 ಗಂಟೆಯಾದರೂ ಬಿಟ್ಟು ತೆಗೆದು ನೋಡಿ. ಕೆಳಗೆ ಹನಿಗಟ್ಟಿದ್ದರೆ, ನೆಲ ಕಪ್ಪಾಗಿದ್ದರೆ, ತೇವ ಕೆಳಗಿನಿಂದ ಬರುತ್ತಿದೆ ಎಂದರ್ಥ.

ಬಣ್ಣ ಕಿತ್ತ ಜಾಗದಲ್ಲಿ ನಾವು ಹಾಳೆ ಅಂಟಿಸಿದೆವು. ಮರುದಿನ ಅದರಡಿ ಮುತ್ತಿನ ಹಾಗೆ ಹನಿ! ಅತ್ತೆಯವರು ಹೇಳಿದ ಬೆವರು ಅದೇ. ತಂಗಿಯ ಮನೆ ಕಟ್ಟುವಾಗ ನೆಲದಡಿ ಪ್ಲಾಸ್ಟಿಕ್ ಹಾಸಿದ್ದರು. ನಮ್ಮ ಹಳೆಯ ಮನೆಗೆ ಅದಿಲ್ಲ. ಮಣ್ಣಿನ ತೇವ ಮೇಲೇರಿ, ಹೊರಬರಲು ದಾರಿಯಿಲ್ಲದೆ ಬಣ್ಣವನ್ನೇ ಎತ್ತಿಹಾಕಿತ್ತು.

ಬೇಸಿಗೆಯಲ್ಲಿ ಹಳೆಯ ಬಣ್ಣವನ್ನೆಲ್ಲ ಮೆಷಿನ್ನಿನಿಂದ ಉಜ್ಜಿ ತೆಗೆಸಿ ಸೀಲರ್ ಹಾಕಿಸಿದೆವು. ನೆಲ ಮತ್ತೆ ಬೂದು ಬಣ್ಣಕ್ಕೆ ತಿರುಗಿತು. ನಮ್ಮವರು, "ಇಷ್ಟಕ್ಕೆ ಇಷ್ಟೆಲ್ಲಾ ಖರ್ಚೇ?" ಎಂದು ನಕ್ಕರು.

ಮೊದಲ ದಿನ ಅತ್ತೆಯವರು ನನ್ನ ಕೈ ಹಿಡಿದುಕೊಂಡು ಇಳಿದರು. ಅಂಗಾಲಿನಿಂದ ನೆಲ ಉಜ್ಜಿ ನೋಡಿ, "ಈಗ ಸರಿಹೋಯ್ತು ಬಿಡು," ಎಂದರು. ರಂಗೋಲಿ ಡಬ್ಬಿ ಅವರ ಕೈಯಲ್ಲೇ ಇತ್ತು. ಗೇಟಿನವರೆಗೂ ನಾನು ಕೈ ಬಿಡಲಿಲ್ಲ.